ಯಾರ ಪೈಕಿ ಎಂದು ಕೇಳಿ ಕೆಟ್ಟೆ

ಫೋನಿನಲ್ಲಿ ಬೇಡುವವರನ್ನು, ಮಾರುವವರನ್ನು ಓಡಿಸುವುದರಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಸಾಲ ಬೇಕಾ ಎಂದವನಿಗೆ, "ಕೊಡಪ್ಪ, ತೀರಿಸುವವನನ್ನೂ ನೀನೇ ಹುಡುಕಿ ಕಳಿಸು" ಎನ್ನುತ್ತಿದ್ದೆ. ವಿಮೆಯವಳು "ಎರಡೇ ನಿಮಿಷ ಮ್ಯಾಡಮ್" ಎಂದರೆ ಫೋನನ್ನು ಮಿಕ್ಸರ್ ಪಕ್ಕಕ್ಕಿಟ್ಟು ಚಟ್ನಿ ರುಬ್ಬುತ್ತಿದ್ದೆ. ಹಿಂದಿಯವರಿಗೆ ಹಿಂದಿಯಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ಬೈಯಲು ಬರುತ್ತಿತ್ತು. ವಿಲೆ ಪಾರ್ಲೆಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ಬರದಿದ್ದರೆ ಹೇಗೆ ಹೇಳಿ. ಕನ್ನಡದಲ್ಲಿ ಬೈಯುವ ಪ್ರಸಂಗ ಮಾತ್ರ ಬಂದಿರಲಿಲ್ಲ.

ಅದು ಬಂದ ದಿನ ನಾನು ಬೈಯಲಿಲ್ಲ.

ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಗ ಪವಾಯಿಯ ಕಡೆಯ ದೊಡ್ಡ ದೊಡ್ಡ ಬಿಲ್ಡಿಂಗುಗಳ ಲಿಫ್ಟ್ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಫೋನ್ ಬಂತು. ಒಂದು ಹುಡುಗಿ ಹಿಂದಿಯಲ್ಲಿ ಶುರುಮಾಡಿದಳು. ಪರೇಲಿನ ಆಸ್ಪತ್ರೆಗಳಿಗೆ ದೂರದೂರದಿಂದ ಬಂದು ಫುಟ್‌ಪಾತಿನಲ್ಲಿ ಮಲಗುವ ರೋಗಿಗಳಿಗೆ ತಮ್ಮ ಸಂಸ್ಥೆ ಊಟ ಹಾಕುತ್ತದೆಯಂತೆ, ದಾನ ಕೊಡಬೇಕಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ, ನನ್ನ ಹೆಸರು ನೋಡಿಯೋ ಏನೋ, "ಕಾಕೂ, ನೀವು ಕನ್ನಡದವ್ರೇನ್ರಿ?" ಎಂದುಬಿಟ್ಟಳು. ಅಪ್ಪಟ ಧಾರವಾಡದ ಮಾತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನಮ್ಮ ಕಡೆ ಒಂದು ರೀತಿಯಿದೆ. ಗುರುತಿಲ್ಲದವರು ಸಿಕ್ಕರೆ ಮೊದಲು ಯಾವೂರು ಎಂದು ಕೇಳುತ್ತೇವೆ, ಆಮೇಲೆ ಯಾರ ಪೈಕಿ ಎಂದು. ಬರೀ ಕೇಳಿದರೆ ಸಾಲದು, ನಮ್ಮದನ್ನೂ ಹೇಳಬೇಕು. ತವರು ಯಾವುದು, ಎಲ್ಲಿಗೆ ಕೊಟ್ಟರು, ಅಣ್ಣತಮ್ಮಂದಿರು ಎಲ್ಲಿದ್ದಾರೆ. ಹೀಗೆ ಬಿಚ್ಚುತ್ತಾ ಹೋದರೆ ಎಲ್ಲೋ ಒಂದು ಕಡೆ ಬೀಗರ ಬೀಗರು ಸಿಕ್ಕೇ ಸಿಗುತ್ತಾರೆ. ಸಿಕ್ಕರೆ ಮುಗಿಯಿತು, ಅವರು ಹೊರಗಿನವರಲ್ಲ. ಅವರ ಮುಂದೆ ಮುಚ್ಚಿಟ್ಟು ಮಾತಾಡಿದರೆ ನಮಗೇ ಕೆಟ್ಟ ಹೆಸರು. ನಾನು ಕೇಳಿದೆ, ನನ್ನ ತವರಿನ ಓಣಿಯನ್ನೂ ಹೇಳಿದೆ. ಅವಳು, "ನಮ್ಮ ದೊಡ್ಡವ್ವನ್ನ ನಿಮ್ಮ ಓಣಿಗೇ ಕೊಟ್ಟಾರ್ರಿ" ಎಂದಳು. ಆ ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ ನಾನು ಲಂಗ ಹಾಕಿಕೊಂಡು ಆಡಿದವಳು.

ಅವತ್ತು ಒಂದಿಷ್ಟು ದಾನವನ್ನೂ ಕೊಟ್ಟೆ, ಮನಸಾರೆ ಕೊಟ್ಟೆ.

ಆಮೇಲೆ ಅವಳು ಆಗಾಗ ಫೋನ್ ಮಾಡತೊಡಗಿದಳು. ಎಲ್ಲ ಸಲವೂ ದಾನ ಕೇಳುತ್ತಿರಲಿಲ್ಲ, ಅದೇ ನನ್ನನ್ನು ಮರುಳು ಮಾಡಿದ್ದು. ಜೋಳದ ಹಿಟ್ಟು ಎಲ್ಲಿ ಚಲೋ ಸಿಗುತ್ತದೆ, ರೊಟ್ಟಿ ಬಡಿಯುವಾಗ ಯಾಕೆ ಹರಿಯುತ್ತದೆ, ಇಂಥ ಮಾತು. ಮಗನಿಗೆ ಕನ್ನಡ ತಿಳಿಯುತ್ತದೆ, ಆಡಲು ತಡವರಿಸುತ್ತಾನೆ. ನಾನು ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರಿಸುತ್ತಾನೆ. ಹಾಗಾಗಿ ಇವಳ ಫೋನ್ ಬಂದರೆ ನಾಲಿಗೆಗೆ ಹಬ್ಬ. ಮನೆಗೆ ಬಾ ಎಂದು ಎಷ್ಟು ಸಲ ಕರೆದೆ. "ರಜಾ ಸಿಗ್ಲಿ ಕಾಕೂ, ಬರ್ತೀನಿ" ಎನ್ನುತ್ತಿದ್ದಳು. ಮಧ್ಯಾಹ್ನ ಮಲಗುವ ಅಭ್ಯಾಸವನ್ನೂ ಬಿಟ್ಟೆ, ಎಲ್ಲಿ ಫೋನ್ ತಪ್ಪಿಹೋಗುತ್ತದೋ ಎಂದು. ಈಗ ಹೇಳಲು ನಾಚಿಕೆಯಾಗುತ್ತದೆ.

ಒಂದು ದಿನ ಅವಳು, "ಕಾಕಾ ಹೆಂಗ ಹೋದರ್ರಿ?" ಎಂದು ಕೇಳಿದಳು.

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರು ಹೋದದ್ದು ಪರೇಲಿನ ಆಸ್ಪತ್ರೆಯಲ್ಲಿ, ಹಾಡಹಗಲು. ಅವತ್ತು ಪವಾಯಿಯಲ್ಲಿ ಒಂದು ಲಿಫ್ಟ್ ನಡುವೆ ನಿಂತು ಜನ ಒಳಗೆ ಸಿಕ್ಕಿಕೊಂಡಿದ್ದರು. ಮಗ ಅವರನ್ನು ಬಿಡಿಸಲು ಹೋಗಿದ್ದ. ಡಾಕ್ಟರು ಇನ್ನೂ ನಾಲ್ಕು ದಿನ ಭಯವಿಲ್ಲ ಎಂದಿದ್ದರಿಂದ ನಾನೇ ಹೋಗು ಎಂದು ಕಳಿಸಿದ್ದೆ. ಇವರು ಮಧ್ಯಾಹ್ನದಿಂದ ಬಾಗಿಲನ್ನೇ ನೋಡುತ್ತಾ, "ಬಂದನೇನು? ಬಂದನೇನು?" ಎಂದು ಕೇಳುತ್ತಲೇ ಹೋದರು. ಮಗ ಓಡಿಬಂದಾಗ ಎಲ್ಲ ಮುಗಿದಿತ್ತು. ಗ್ರೀಸ್ ಹತ್ತಿದ ಕೈಯಲ್ಲೇ ಅಪ್ಪನ ಪಾದ ಹಿಡಿದು, "ಪಪ್ಪಾ ನನ್ನನ್ನ ಕೇಳಿದ್ರಾ?" ಎಂದ. ನಾನು ಕಣ್ಣು ಮಿಟುಕಿಸದೆ, "ಇಲ್ಲಪ್ಪಾ, ನಿದ್ದೆಯಲ್ಲೇ ಹೋದರು, ಯಾರನ್ನೂ ಕೇಳಲಿಲ್ಲ" ಎಂದೆ. ಅವನ ಮುಖದಲ್ಲಿ ಒಂದು ಚೂರು ಜೀವ ಬಂತು. ಆ ಮಾತಿನ ಮೇಲೆಯೇ ಅವನು ಮಾರನೆಯ ದಿನ ಎದ್ದು ಕಾರ್ಯ ಮಾಡಿದ, ಆಮೇಲೆ ಕೆಲಸಕ್ಕೆ ಹೋದ, ಊಟ ಮಾಡಿದ. ನಾನು ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಸಾಯಬೇಕೆಂದಿದ್ದೆ.

ಹುಡುಗಿಗೆ ಹೇಳಿಬಿಟ್ಟೆ. ಹೇಳಿ ಅತ್ತೆ. ಅವಳೂ ಆ ಕಡೆ ಅತ್ತಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಗನ ನಂಬರ್ ಕೇಳಿದಳು, ವರ್ಷದ ಕಾರ್ಯಕ್ಕೆ ಅಪ್ಪನ ಹೆಸರಲ್ಲಿ ಒಂದು ಹೊತ್ತಿನ ಊಟ ಹಾಕಿಸಿಯಾನು ಎಂದಳು. ಒಳ್ಳೆಯ ಕೆಲಸವೇ ಅಲ್ಲವಾ. ಕೊಟ್ಟೆ.

ವರ್ಷದ ಕಾರ್ಯ ಹತ್ತಿರ ಬಂತು. ಅವಳ ಫೋನ್ ನಿಂತಿತ್ತು. ಊರಿಗೆ ಹೋಗಿರಬೇಕು ಎಂದುಕೊಂಡೆ. ಒಂದು ಮಧ್ಯಾಹ್ನ ಅದೇ ಸಂಸ್ಥೆಯಿಂದ ಎಂದು ಗಂಡಸೊಬ್ಬ ಫೋನ್ ಮಾಡಿ ಹಿಂದಿಯಲ್ಲಿ ಮಾತಾಡಿದ. ದನಿಯೋ, ಸಕ್ಕರೆ ಪಾಕ. "ಮಾತಾಜಿ, ನಿಮ್ಮ ಯಜಮಾನರ ಪುಣ್ಯತಿಥಿ ಬರ್ತಾ ಇದೆ. ಕೊನೆಯ ಉಸಿರಿನವರೆಗೂ ಮಗ ಬಂದನಾ ಬಂದನಾ ಅಂತ ಕೇಳಿದ ಜೀವ ಅದು. ಅದಕ್ಕೆ ಶಾಂತಿ ಬೇಡವಾ?" ಎಂದ. ಬಾಯಿಗೆ ಒಂದು ಬೈಗುಳವೂ ಬರಲಿಲ್ಲ.

ಅದೇ ನಂಬರಿಗೆ ತಿರುಗಿ ಫೋನ್ ಮಾಡಿ ಕನ್ನಡದ ಹುಡುಗಿಯನ್ನು ಕೊಡು ಎಂದು ಹಟ ಹಿಡಿದೆ. ಬಂದಳು. "ನಾ ನಿನಗ ಹೇಳಿದ್ದು ಅವಗ ಹೆಂಗ ಗೊತ್ತಾತು?" ಎಂದೆ.

"ಯಾರು ಏನ ಹೇಳಿದ್ರೂ ಕಂಪ್ಯೂಟರ್‌ನ್ಯಾಗ ಹಾಕಬೇಕ್ರಿ ಕಾಕೂ. ಮುಂದ ಫೋನ್ ಮಾಡಾವ್ರಿಗೆ ಅನುಕೂಲ ಆಗ್ಲಿ ಅಂತ. ಎಲ್ಲಾರ್ದೂ ಹಾಕ್ತೀವ್ರಿ."

"ದೊಡ್ಡವ್ವಂದೂ ಸುಳ್ಳೇನು?"

"ಇಲ್ರಿ. ಅದು ಖರೇನ."

ಸುಳ್ಳು ಎಂದಿದ್ದರೆ ಎಷ್ಟೋ ಚಲೋ ಇತ್ತು. ಯಾರೋ ಮೋಸಗಾತಿ, ಭಾಷೆ ಕಲಿತು ಬಂದು ಟೋಪಿ ಹಾಕಿದಳು ಎಂದು ಶಾಪ ಹಾಕಿ ಮರೆಯುತ್ತಿದ್ದೆ. ಇವಳು ನಮ್ಮವಳೇ. ಆ ಓಣಿ ನಿಜ, ಆ ಕಟ್ಟೆ ನಿಜ, ಆ ಅಳುವೂ ನಿಜವೇ ಇರಬೇಕು. ಅತ್ತು, ಕಣ್ಣೊರೆಸಿಕೊಂಡು, ಅದೇ ಕೈಯಲ್ಲಿ ನನ್ನ ಗಂಡನ ಕೊನೆಯ ಮಾತನ್ನು ಟೈಪ್ ಮಾಡಿದ್ದಾಳೆ. ನನ್ನ ಮೇಲೆಯೇ ಹೇಸಿಗೆಯಾಯಿತು.

ಆಗ ನೆನಪಾಯಿತು. "ನನ್ನ ಮಗಗ ಫೋನ್ ಮಾಡ್ಯಾರೇನು?"

"ಮುಂಜಾನೆನ ಮಾಡ್ಯಾರ್ರಿ ಕಾಕೂ" ಎಂದಳು. ಇನ್ನೂ ಏನೋ ಹೇಳಲು ಬಂದಳು. ಫೋನ್ ಇಟ್ಟೆ.

ಮಗನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಲಿಫ್ಟಿನ ಬಾವಿಯೊಳಗೆ ಇಳಿದರೆ ಅವನಿಗೆ ರೇಂಜ್ ಸಿಗುವುದಿಲ್ಲ, ಗೊತ್ತು. ಆದರೂ ಹಚ್ಚುತ್ತಲೇ ಇದ್ದೆ. ಏನು ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಸಂಜೆ ಬಂದ. ಬಾಗಿಲು ತೆಗೆದೆ. ಒಳಗೆ ಬಂದವನು ಬೂಟು ಬಿಚ್ಚದೆ ಅಲ್ಲೇ ನಿಂತ. "ಅಮ್ಮಾ, ಏಕ್ ಡೊನೇಷನ್‌ವಾಲೇ ಕಾ ಫೋನ್ ಆಯಾ ಥಾ" ಎಂದ. ಆಮೇಲೆ, ನನಗಾಗಿಯೇ ಎನ್ನುವಂತೆ, ತಡವರಿಸುತ್ತಾ ಕನ್ನಡಕ್ಕೆ ಹೊರಳಿದ. "ಪಪ್ಪಾ ಬಗ್ಗೆ ಏನೇನೋ ಹೇಳಿದ. ಫ್ರಾಡ್ ಅಲ್ವಾ ಅವನು? ಎಲ್ಲರಿಗೂ ಹಿಂಗೇ ಹೇಳ್ತಾರೆ, ಹೈ ನಾ?"

ಹೂಂ ಎಂದು ಬಿಡು ಎಂದು ಅವನ ಕಣ್ಣೇ ನನ್ನನ್ನು ಬೇಡುತ್ತಿತ್ತು. ಈ ಫೋನಿನವರನ್ನು ಕಳ್ಳರು, ಸುಳ್ಳರು ಎಂದು ಸಾವಿರ ಸಲ ಅಂದವಳು ನಾನು. ಇನ್ನೊಂದು ಸಲ ಅಂದಿದ್ದರೆ ಆಗುತ್ತಿತ್ತು. ಆಸ್ಪತ್ರೆಯಲ್ಲಿ ಅಷ್ಟು ಸಲೀಸಾಗಿ ಬಂದ ಸುಳ್ಳು ಇವತ್ತು ಬರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಮುಖ ಎಲ್ಲವನ್ನೂ ಹೇಳಿಬಿಟ್ಟಿತು.

ಬಾಗಿಲ ಹತ್ತಿರ ನೆಲದ ಮೇಲೆ ಕುಸಿದು ಕೂತ. ಬೂಟಿನ ಲೇಸಿಗೆ ಕೈ ಹಾಕಿ, ಬಿಚ್ಚದೆ ಹಾಗೇ ಹಿಡಿದುಕೊಂಡ. ನನ್ನ ಕಡೆ ನೋಡದೆ ಕೇಳಿದ.

"ಎಷ್ಟು ಸಲ ಕೇಳಿದ್ರು?"