ಕಣದ ಮೇಲೆ ಎರಡು ಜೊತೆ ಗೀರು

ಸ್ವಲ್ಪ ತಾಳಿ, ಅರ್ಧಕ್ಕೆ ಬಿಟ್ಟು ಹೋಗಬೇಡಿ. ಹವಾಯಿ, ಕುಣಿತ, ಹೂವಿನ ಗಿಡ ಅಂತ ಶುರುವಾಗುತ್ತದೆ, "ಇದೇನು ಮಹಾ" ಅನ್ನಿಸಬಹುದು. ಆದರೆ ನಮ್ಮ ಅಜ್ಜಿ ಜಗಲಿಯಲ್ಲಿ ಕೂತು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾಳೆ. ಅಲ್ಲಿಯವರೆಗೆ ಕಾಯಿರಿ. ಆ ಪ್ರಶ್ನೆ ನೆನೆದರೆ ಈಗಲೂ, ಇಷ್ಟು ವರ್ಷವಾದ ಮೇಲೂ, ಮೈ ಜುಂ ಅನ್ನುತ್ತದೆ.

ಆಗ ನನಗೆ ಹತ್ತೊಂಬತ್ತು. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಸಂಸೆಯಿಂದ ಜೀಪಿನಲ್ಲಿ ಒಳಗೆ ಹೋಗಬೇಕಾದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್. ಆಳುಗಳ ಹಾಜರಿ ಬರೆಯುವುದು, ಕಾಫಿ ಅಳೆಸುವುದು ಅವರ ಕೆಲಸ. ತಾತನೂ ಅದೇ ಎಸ್ಟೇಟಿಗೆ ರೈಟರ್ ಆಗಿದ್ದವರು, ಹಾಗಾಗಿ ಕ್ವಾರ್ಟರ್ಸೇ ನಮ್ಮ ಮನೆ. ನಾನು ಡಿಗ್ರಿಯಲ್ಲಿ ಎರಡು ಸಬ್ಜೆಕ್ಟ್ ಹೊಡೆಸಿಕೊಂಡು ಮನೆ ಸೇರಿದ್ದೆ. ಕುಣಿಯುವ ಹುಚ್ಚು ಬಹಳ ಇತ್ತು, ಕಲಿಸುವವರು ಯಾರೂ ಇರಲಿಲ್ಲ. ಟಿವಿ ನೋಡಿ ಕುಣಿಯುವುದು, ಕರೆಂಟು ಹೋದರೆ ನೆನಪಿನಿಂದ ಕುಣಿಯುವುದು.

ಆ ಬೇಸಗೆಯಲ್ಲಿ ಎಸ್ಟೇಟಿನ ಅಮ್ಮಾವ್ರು ಯಜಮಾನರ ಜೊತೆ ಹವಾಯಿಗೆ ಹೋಗಿ ಬಂದರು. ನನ್ನನ್ನು ಬಂಗಲೆಗೆ ಕರೆಸಿ ಒಂದು ವಿಸಿಡಿ, ಒಂದು ಪ್ಲಾಸ್ಟಿಕ್ ಕವರು ಕೊಟ್ಟರು. ಕವರಿನಲ್ಲಿ ಎರಡೂ ತುದಿಗೆ ಮೇಣ ಮೆತ್ತಿದ, ಬೆರಳುದ್ದದ ಒಣ ಕಡ್ಡಿ.

"ಅಲ್ಲೂ ಕಾಫಿ ಬೆಳೀತಾರೆ ಕಣೆ. ನಮ್ಮ ಹಂಗೇ ಗುಡ್ಡ, ಆದ್ರೆ ಕೆಳಗೆ ನೋಡಿದ್ರೆ ಸಮುದ್ರ! ಈ ಕಡ್ಡಿ ಮನೆ ಮೂಲೇಲಿ ನೆಟ್ಟರೆ ಕೆಟ್ಟದ್ದು ಒಳಗೆ ಬರಲ್ವಂತೆ."

"ಒಳಗೆ ಇರೋದು, ಅಮ್ಮಾವ್ರೇ?"

"ಅದು ಹೊರಗೂ ಹೋಗಲ್ವೇನೋ! ಅಂಗಡಿಯವನು ಅದನ್ನ ಹೇಳ್ಲಿಲ್ಲ ಮಾರಾಯ್ತಿ," ಅಂತ ನಕ್ಕರು.

ವಿಸಿಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು. ನಮ್ಮ ಕಡೆಯ ಅಜ್ಜಿಯರ ಹಾಗೇ ದಪ್ಪ, ಬಿಳಿ ಕೂದಲು, ಕಿವಿಯ ಹಿಂದೆ ದಾಸವಾಳ. ತನ್ನ ಮನೆಯ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಹುಲಾ ಅನ್ನುವ ಅಲ್ಲಿಯ ಕುಣಿತ ಕಲಿಸುತ್ತಾರೆ. ಮಂಡಿ ಸ್ವಲ್ಪ ಬಗ್ಗಿಸಿ, ಪಾದವನ್ನು ನೆಲಕ್ಕೆ ಸವರಿಕೊಂಡು ಮುಂದಕ್ಕೆ ಜಾರುವುದು. ಅವಸರವೇ ಇಲ್ಲ. ಕೈ ಹೀಗೆ ಇಳಿದರೆ ಮಳೆ, ಹೀಗೆ ಮೂಗಿನ ಹತ್ತಿರ ಬಂದರೆ ಹೂವಿನ ವಾಸನೆ. ಅಲೋಹಾ ಅಂದರೆ ಬರೀ ನಮಸ್ಕಾರ ಅಲ್ಲವಂತೆ, ಉಸಿರಂತೆ. ಹಣೆಗೆ ಹಣೆ ತಾಗಿಸಿ ಇಬ್ಬರೂ ಒಟ್ಟಿಗೆ ಉಸಿರು ಎಳೆದುಕೊಳ್ಳುತ್ತಾರೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಷ್ಟು ಅರ್ಥ ಮಾಡಿಕೊಂಡೆ.

ನನಗೆ ಎಷ್ಟು ಖುಷಿಯಾಯಿತೆಂದರೆ, ಓಡಿ ಹೋಗಿ ಅಜ್ಜಿಯ ಹಣೆಗೆ ಹಣೆ ತಾಗಿಸಿದೆ.

"ಇದೇನ್ ಹೊಸದು? ನಾವು ಮಕ್ಕಳ ನೆತ್ತಿ ಮೂಸಲ್ವಾ?" ಅಂತ ಅಜ್ಜಿ ನನ್ನ ತಲೆ ಎಳೆದುಕೊಂಡು ಮೂಸಿದಳು. "ಥೂ, ಎಣ್ಣೆ ಕಾಣದೆ ಎಷ್ಟು ದಿನ ಆಯ್ತೇ ಕೂಸೆ?"

ಆ ಮಳೆಗಾಲ ಪೂರ್ತಿ ನಾನು ಹಾಗೇ ಬದುಕಿದೆ. ನೀರು ತುಂಬುವಾಗ, ಒಲೆ ಊದುವಾಗ, ಬಟ್ಟೆ ಹರವುವಾಗ ಎಲ್ಲದಕ್ಕೂ ಹುಲಾದ ಒಂದು ಕೈ. ಫೇಲಾದ ದುಃಖ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ಇದು ಸುಳ್ಳಲ್ಲ. ನಿಧಾನವಾಗಿ ಕೈ ಎತ್ತಿ ನಿಧಾನವಾಗಿ ಇಳಿಸಿ ನೋಡಿ, ತಲೆಯೊಳಗಿನ ಗಲಾಟೆಯೂ ಇಳಿಯುತ್ತದೆ.

ಕಡ್ಡಿಯನ್ನು ಮನೆಯ ಮೂಲೆಯಲ್ಲಿ, ಅತ್ತೆಯ ತೋಟದಲ್ಲಿ ನೆಟ್ಟೆ. ತೋಟ ಅಂದರೆ ಕಾಫಿ ತೋಟವಲ್ಲ, ಕಾಫಿ ಒಣಗಿಸುವ ಕಣಕ್ಕೆ ತಾಗಿದಂತೆ ಎರಡು ಚಾಪೆಯಷ್ಟು ಜಾಗ. ತುಕ್ಕು ಹಿಡಿದ ಎಣ್ಣೆ ಡಬ್ಬಗಳಲ್ಲಿ ಆಂಥೂರಿಯಂ, ಬೇಲಿಗೆ ಡೇಲಿಯಾ, ಕಲ್ಲಿನ ಸಂದಿಯಲ್ಲಿ ಜರಿಗಿಡ. ಮಾಡಿದ್ದು ಅಪ್ಪನ ತಂಗಿ. ಇಪ್ಪತ್ತೆರಡಕ್ಕೇ ಜ್ವರ ಬಂದು ನಾಲ್ಕು ದಿನದಲ್ಲಿ ಹೋದಳು. ನನಗೆ ಆಗ ಎರಡು ವರ್ಷ, ಮುಖ ನೆನಪಿಲ್ಲ. ಅವಳು ಹೋದ ಮೇಲೆ ಅಜ್ಜಿ ಆ ಜಾಗಕ್ಕೆ ಕಾಲಿಟ್ಟಿರಲಿಲ್ಲ. ಜಗಲಿಯಿಂದ ನೋಡುತ್ತಿದ್ದಳು, ಅಷ್ಟೇ. ಈಗ ನೋಡುವುದೂ ಕಷ್ಟವಾಗಿತ್ತು. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿಗೆ ಪೊರೆ ಬಂದು ಬೆಳಕು, ನೆರಳು, ಬಣ್ಣಗಳಲ್ಲಿ ಕೆಂಪು, ಇಷ್ಟೇ ಗೊತ್ತಾಗುತ್ತಿತ್ತು.

ಕಡ್ಡಿ ಚಿಗುರಿತು. ಡಿಸೆಂಬರಿನ ಹೊತ್ತಿಗೆ ಮೊಣಕಾಲೆತ್ತರ ಬಂದು ಎಲೆ ಬಿಚ್ಚಿತು. ಉದ್ದನೆಯ ಎಲೆ, ರಕ್ತದಂಥ ಕೆಂಪು.

ರೋಬಸ್ಟಾ ಕಾಫಿಯ ಕೊಯ್ಲು ಶುರುವಾಗಿತ್ತು. ಹಣ್ಣನ್ನು ಕಣದ ತುಂಬಾ ತೆಳ್ಳಗೆ ಹರವುತ್ತಾರೆ. ದಿನಕ್ಕೆ ಮೂರು ನಾಲ್ಕು ಸಲ ಅದರ ಮೇಲೆ ಬರಿಗಾಲು ಎಳೆದುಕೊಂಡು ನಡೆದು ತಿರುವಬೇಕು, ಇಲ್ಲದಿದ್ದರೆ ಅಡಿಯದು ಬೂಷ್ಟು ಹಿಡಿಯುತ್ತದೆ. ತಿರುವಿದವರ ಎರಡು ಪಾದಕ್ಕೆ ಎರಡು ಗೀರು ಉಳಿಯುತ್ತದೆ, ನೇಗಿಲ ಸಾಲಿನ ಹಾಗೆ. ಸುಮ್ಮನೆ ಕೂತಿದ್ದ ನನಗೆ ಅಪ್ಪ ಮಧ್ಯಾಹ್ನದ ಸರದಿ ಕೊಟ್ಟರು. ನೋಡಿದರೆ ಕಾಫಿ ತಿರುವುವ ಹೆಜ್ಜೆ, ಹುಲಾದ ಹೆಜ್ಜೆ ಎರಡೂ ಒಂದೇ! ಆಳುಗಳು ಊಟಕ್ಕೆ ಹೋದ ಹನ್ನೆರಡು ಗಂಟೆಯ ಬಿಸಿಲಲ್ಲಿ ನಾನು ಪಾದದಲ್ಲಿ ಕಾಫಿ ತಿರುವುತ್ತಾ, ಕೈಯಲ್ಲಿ ಮಳೆ ಸುರಿಸುತ್ತಾ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ. ಹಾಡಿಲ್ಲ, ಏನಿಲ್ಲ. ಕಾಫಿ ಸರಿಯುವ ಸರಸರ ಮಾತ್ರ.

ಕೊಯ್ಲಿಗೆ ಬರುವ ಹೆಂಗಸರಲ್ಲಿ ಹಿರಿಯ ಅಕ್ಕ ಒಬ್ಬಳು ಒಂದು ದಿನ ಬೇಗ ಊಟ ಮುಗಿಸಿ ಬಂದು ನೋಡಿದಳು.

"ಏನ್ ಮಾರಾಯ್ತಿ, ಜೇನು ಓಡಿಸ್ತೀಯಾ, ಮೀನು ಹಿಡೀತೀಯಾ?"

"ಹವಾಯಿ ಡ್ಯಾನ್ಸ್ ಅಕ್ಕ."

"ಯಾವ ವಾಯಿನೋ. ಕಾಫಿ ತಿರುಗಿದ್ರೆ ಸಾಕು. ನಿಮ್ಮತ್ತೆನೂ ಹಿಂಗೇ, ಕಣಕ್ಕಿಳಿದ್ರೆ ತೇಲ್ಕಂಡು ಹೋಗ್ತಿದ್ಲು. ಎಡಗಾಲು ಸ್ವಲ್ಪ ಹೊರಗೆ ತಿರುಗಿತ್ತಲ್ಲ, ಅವಳ ಗೀರು ಕುಡುಗೋಲಿನ ಹಂಗೆ ಡೊಂಕು. ಯಾರು ತಿರುವಿದ್ದು ಅಂತ ಕೇಳೋದೇ ಬೇಡ."

ಆ ದಿನಗಳಲ್ಲಿ ಅಜ್ಜಿ ಬದಲಾದಳು. ಅರ್ಧ ರೊಟ್ಟಿ ತಿನ್ನುತ್ತಿದ್ದವಳು ಎರಡು ತಿಂದಳು. ಹನ್ನೊಂದೂವರೆಗೆ ತಲೆ ಬಾಚಿಸಿಕೊಂಡು, "ನನ್ನ ಜಗಲೀಲಿ ಕೂರಿಸೇ," ಅನ್ನುತ್ತಿದ್ದಳು. ಅಮ್ಮನಿಗೆ ಸಂತೋಷವೋ ಸಂತೋಷ. ಅದೇ ವಾರ ಅಪ್ಪ ಚಿಕ್ಕಮಗಳೂರಿಗೆ ಹೋಗಿ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ಬಂದರು. ಪೊರೆ ಬಲಿತಿದೆ, ತಡಮಾಡಿದರೆ ಒಳಗೆ ಒತ್ತಡ ಏರಿ ಇರುವ ಒಂದು ಕಣ್ಣೂ ಹೋಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಅಜ್ಜಿ ಬೇಡ ಅಂದಳು. ಅಪ್ಪ ಬೇಡಿಕೊಂಡರು, ರೇಗಿದರು. ಏನು ಮಾಡಿದರೂ "ಬೇಡ" ಅಷ್ಟೇ.

ಎಲ್ಲರೂ ಎದ್ದುಹೋದ ಮೇಲೆ ನನ್ನ ಕೈ ಹಿಡಿದು ಎಳೆದು ಕೂರಿಸಿದಳು. "ನಿಂಗೆ ಮಾತ್ರ ಹೇಳ್ತೀನಿ. ಅವಳು ಬಂದಿದಾಳೆ, ನಿಮ್ಮತ್ತೆ. ಆ ಕೆಂಪೆಲೆ ಗಿಡ ಉಂಟಲ್ಲ, ಅದೇ ಗಿಡ, ಅದೇ ಜಾಗ. ಅವತ್ತು ಚೌಡಿ ಬನದಿಂದ, ಆ ದೇವರ ಕಾಡಿಂದ, ಮುರ್ಕೊಂಡು ಬಂದು ನೆಟ್ಟಿದ್ಲು. ಬನದ್ದು ಒಂದು ಎಲೆನೂ ಮುಟ್ಟಬಾರದು ಅಂತ ಬಡ್ಕೊಂಡೆ, ಕೇಳ್ಲಿಲ್ಲ. ಅವಳು ಹೋದ ದಿನ ನಾನೇ ಕಿತ್ತು ಬನಕ್ಕೆ ಎಸೆದು ಬಂದೆ. ಈಗ ಮತ್ತೆ ಬಂದಿದೆ. ಅವಳೂ ದಿನಾ ಮಧ್ಯಾಹ್ನ ಬಂದು ಕಾಫಿ ತಿರುವ್ತಾಳೆ. ಪೊರೆ ತೆಗೆದ್ರೆ ಕಾಣಲ್ಲ ಕಣೆ."

ಎರಡು ವಿಷಯ ಒಟ್ಟಿಗೆ ತಲೆಗೆ ಹೊಕ್ಕವು. ಹವಾಯಿಯಿಂದ ಸಮುದ್ರ ದಾಟಿ ಬಂದ ಗಿಡ ನಮ್ಮ ಬನದ ಗಿಡವೇ ಅನ್ನುವುದು ಒಂದು. ಅಜ್ಜಿ ದಿನಾ ನೋಡುತ್ತಿರುವುದು ನನ್ನನ್ನು ಅನ್ನುವುದು ಇನ್ನೊಂದು. ನಾನು ಬಾಯಿಬಿಟ್ಟರೆ ಅವಳು ಇನ್ನೊಂದು ಸಲ ಮಗಳನ್ನು ಕಳೆದುಕೊಳ್ಳುತ್ತಾಳೆ. ಬಿಡದಿದ್ದರೆ ಕಣ್ಣು ಹೋಗುತ್ತದೆ. ಮೂರು ದಿನ ನುಂಗಲೂ ಆಗದೆ ಉಗುಳಲೂ ಆಗದೆ ಓಡಾಡಿದೆ. ಆಪರೇಷನ್ನಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು.

ಮರುದಿನ ಕಣಕ್ಕೆ ಇಳಿಯುವ ಮೊದಲು ಜಗಲಿಯಲ್ಲಿ ಅವಳ ಮುಂದೆ ಕೂತೆ.

"ಅಜ್ಜಿ, ಅದು ಅತ್ತೆ ಅಲ್ಲ. ನಾನು. ಆ ಹವಾಯಿ ಕುಣಿತ ಅಂದ್ನಲ್ಲ, ಅದನ್ನ ಕಣದಲ್ಲಿ ಕುಣೀತೀನಿ. ಗಿಡನೂ ನಾನೇ ನೆಟ್ಟಿದ್ದು. ದಯವಿಟ್ಟು ಆಪರೇಷನ್ ಮಾಡಿಸ್ಕೋ."

ಅಜ್ಜಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ನಕ್ಕಳು.

"ನೀನು ಕುಣಿಯೋದು ನಂಗೊತ್ತಿಲ್ವಾ? ನೀನು ಜಗಲಿ ಕಡೆ ಇರ್ತೀಯ. ಗಿಡದ ಕಡೆ ನಿನ್ನ ಜೊತೆಗೆ ಬರ್ತಾಳಲ್ಲ, ಅವಳು ಯಾರು?"

ಇದೇ ಆ ಪ್ರಶ್ನೆ.

ನಾನು ಎದ್ದೆ. ಕಣಕ್ಕೆ ಇಳಿದೆ, ಯಾಕೆ ಅಂದರೆ ಇಳಿಯದಿದ್ದರೆ ಹೆದರಿದೆ ಅಂತ ಆಗುತ್ತಿತ್ತು. ನೆರಳು ಪಾದದಡಿಗೆ ಸೇರುವ ಹೊತ್ತು. ಒಂದು ಹಕ್ಕಿಯ ದನಿಯಿಲ್ಲ, ಸಿಲ್ವರ್ ಓಕ್ ಮರದ ಒಂದು ಎಲೆ ಅಲ್ಲಾಡುತ್ತಿಲ್ಲ. ಕೈ ಎತ್ತಿದೆ, ಕಾಲು ಜಾರಿಸಿದೆ. ಸರಸರ ಸದ್ದು ಶುರುವಾಯಿತು. ಅರ್ಧ ಕಣ ದಾಟಿದ ಮೇಲೆ ಸುಮ್ಮನೆ ನಿಂತೆ. ಸದ್ದು ತಕ್ಷಣ ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆಯಷ್ಟು, ಸರ್ರಂತ, ಬಂದು ನಿಂತಿತು. ಗಿಡದ ಕಡೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಆ ಕಡೆಯಿಂದ ಮಣ್ಣು ಒದ್ದೆಯಾದಾಗ ಬರುವಂಥ ತಣ್ಣನೆಯ ವಾಸನೆ ಬಂತು, ಆ ಉರಿಬಿಸಿಲಲ್ಲಿ. ಏನು ಮಾಡುವುದು? ಕಲಿತಿದ್ದು ಒಂದೇ. ಮಂಡಿ ಬಗ್ಗಿಸಿ, ಕೈ ಚಾಚಿ, ಕೊನೆಯ ತನಕ ಕುಣಿದು ಮುಗಿಸಿದೆ.

ಊಟ ಮುಗಿಸಿ ಬಂದ ಅಕ್ಕ ಕಣದ ಅಂಚಿನಲ್ಲೇ ನಿಂತುಬಿಟ್ಟಳು.

"ಯಾರೇ ನಿನ್ನ ಜೊತೆ ತಿರುವಿದ್ದು?"

"ನಾನೊಬ್ಳೇ ಅಕ್ಕ."

"ಎರಡು ಜೊತೆ ಗೀರು ಉಂಟಲ್ಲೇ?"

ಆಗ ನೋಡಿದೆ. ಜಗಲಿಯ ಕಡೆ ನನ್ನ ಎರಡು ಗೀರು, ನೆಟ್ಟಗೆ. ಅದರ ಪಕ್ಕದಲ್ಲಿ, ಗಿಡದ ಕಡೆ, ಇನ್ನೆರಡು. ಅದರಲ್ಲಿ ಒಂದು ಪ್ರತಿ ಹೆಜ್ಜೆಗೂ ಕುಡುಗೋಲಿನ ಹಾಗೆ ಹೊರಕ್ಕೆ ಬಾಗಿತ್ತು. ಅಕ್ಕ ಬಾಯಿಗೆ ಸೆರಗು ಹಿಡಿದು ಕೊಯ್ಲಿಗೆ ಹೋದಳು.

ನಾನೇ ವಾಪಸು ಬರುವಾಗ ಕಾಲು ಎಳೆದಿರಬಹುದು ಅಂತ ನೀವು ಹೇಳಬಹುದು. ನಾನೂ ನೂರು ಸಲ ಹೇಳಿಕೊಂಡಿದ್ದೇನೆ. ಆದರೆ ಅವತ್ತು ನಾನು ವಾಪಸು ಬಂದಿದ್ದು ಕಣ ಬಿಟ್ಟು, ಅಂಚಿನ ಮೇಲೆ.

ಜಗಲಿಗೆ ಓಡಿ ಅಜ್ಜಿಯ ಹಣೆಗೆ ಹಣೆ ಇಟ್ಟೆ. ನನ್ನ ಉಸಿರು ನಡುಗುತ್ತಿತ್ತು, ಅವಳದು ಶಾಂತವಾಗಿತ್ತು. "ಅಜ್ಜಿ, ಅವಳು ಪೊರೆಯೊಳಗೆ ಇಲ್ಲ. ಗೀರು ಬಿದ್ದಿದೆ. ಡೊಂಕು ಗೀರು. ಕಣ್ಣು ಸರಿಯಾದ್ರೆ ನೀನೇ ನೋಡ್ತೀಯ."

ಅಜ್ಜಿ ತಲೆ ಎತ್ತಿ, "ಡೊಂಕಾ?" ಅಂದಳು.

"ಡೊಂಕು."

"ಹಂಗಾದ್ರೆ ನಿಮ್ಮಪ್ಪಂಗೆ ಜೀಪು ಹೇಳು ಅನ್ನು."

ಆಪರೇಷನ್ ಚೆನ್ನಾಗಿ ಆಯಿತು. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದು, ಹತ್ತು ದಿನ ಕೋಣೆಯಲ್ಲೇ ಇದ್ದಳು. ಹನ್ನೊಂದನೆಯ ದಿನ ಮಧ್ಯಾಹ್ನ ಜಗಲಿಗೆ ಬಂದು ಕೂತು, "ಹ್ಞೂ, ಕುಣಿ," ಅಂದಳು. ನಾನು ಕುಣಿದೆ. ಅವತ್ತು ಸದ್ದಿಗೆ ಕಿವಿ ಕೊಡಲಿಲ್ಲ, ಪಕ್ಕಕ್ಕೂ ನೋಡಲಿಲ್ಲ. ಮುಗಿಸಿ ತಿರುಗಿದಾಗ ಅಜ್ಜಿಯ ಕೆನ್ನೆ ಒದ್ದೆಯಾಗಿತ್ತು.

"ನೀನೊಬ್ಬಳೇ ಕಂಡೆ ಕೂಸೆ," ಅಂದಳು. "ಎಷ್ಟು ಚೆಂದ ಮಾಡ್ತೀಯ."

ನನ್ನ ಮಾತು ಸುಳ್ಳಾಯಿತು ಅಂದುಕೊಂಡೆ. ಆದರೆ ಅವಳು ಎದ್ದಳು. ಗೋಡೆ ಹಿಡಿದು ಮೆಟ್ಟಿಲು ಇಳಿದಳು, ಹದಿನೇಳು ವರ್ಷದ ಮೇಲೆ ಮೊದಲ ಸಲ ಅತ್ತೆಯ ತೋಟಕ್ಕೆ ಕಾಲಿಟ್ಟಳು. ಆಂಥೂರಿಯಂ ಮುಟ್ಟಿದಳು. ಕೆಂಪೆಲೆಯನ್ನು ಬೆರಳ ಸಂದಿಯಲ್ಲಿ ಹಿಡಿದು ತುದಿಯವರೆಗೆ ಸವರಿದಳು. ಆಮೇಲೆ ಕಣಕ್ಕೆ ಬಂದಳು. ಅಮ್ಮ ಒಳಗಿನಿಂದ, "ಅತ್ತೆ, ಬಗ್ಗಬೇಡಿ, ಡಾಕ್ಟರು ಬೈತಾರೆ!" ಅಂತ ಕೂಗುತ್ತಿದ್ದಳು. ಅಜ್ಜಿ ಬಗ್ಗಲಿಲ್ಲ. ನಿಂತಲ್ಲೇ ಕಾಲಿನ ಹೆಬ್ಬೆರಳನ್ನು ಕಾಫಿಯ ಮೇಲಿನ ಒಂದು ಗೀರಿನೊಳಗೆ ಇಟ್ಟು, ಅದು ಬಾಗಿದ ಕಡೆಗೆಲ್ಲ ಬಾಗಿಸಿಕೊಂಡು ಹೋದಳು.

"ನೋಡು, ಇಷ್ಟು ವರ್ಷ ಆದ್ರೂ ನೆಟ್ಟಗೆ ತಿರುವೋಕೆ ಬರಲ್ಲ ಇವಳಿಗೆ. ಅಡಿಯದು ಹಸಿ ಹಂಗೇ ಉಂಟು."

ಬೈಯುತ್ತಲೇ ಪಾದ ಜಾರಿಸತೊಡಗಿದಳು. ಎಂಬತ್ತರ ಹತ್ತಿರದ ಅಜ್ಜಿ, ಕಪ್ಪು ಕನ್ನಡಕ, ನಡುಮಧ್ಯಾಹ್ನದ ಬಿಸಿಲು. ಬೀಳಬಾರದು ಅಂತ ಎರಡೂ ಕೈ ಅಗಲಕ್ಕೆ ಚಾಚಿದ್ದಳು, ಕೈ ತಾನಾಗಿಯೇ ಗಾಳಿಯಲ್ಲಿ ಅಲೆಯಂತೆ ಆಡುತ್ತಿತ್ತು. ನಾನು ಪಕ್ಕದಲ್ಲಿ ಸೇರಿಕೊಂಡೆ. ಗಿಡದ ಕಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡೆವು. ಬಿಡು ಅಂತ ಯಾರೂ ಹೇಳಲಿಲ್ಲ, ಇಬ್ಬರೂ ಬಿಟ್ಟೆವು.

ಅಜ್ಜಿ ಆ ಕಣ್ಣಲ್ಲಿ ಇನ್ನೂ ಐದು ವರ್ಷ ಹೂವು ನೋಡಿದಳು. ಕೆಂಪೆಲೆ ಗಿಡ ಈಗ ನನಗಿಂತ ಎತ್ತರ. ತುದಿ ಮುರಿದು ಕೇಳಿದವರಿಗೆಲ್ಲ ಕೊಡುತ್ತೇನೆ, ಬಂದಿದ್ದು ಎಲ್ಲಿಂದ ಅಂತ ಮಾತ್ರ ಪೂರ್ತಿ ಹೇಳುವುದಿಲ್ಲ. ಮಧ್ಯಾಹ್ನ ಕಣಕ್ಕೆ ಈಗಲೂ ಇಳಿಯುತ್ತೇನೆ, ಖುಷಿಗೆ. ಹಿಂದೆ ತಿರುಗಿ ಗೀರು ಎಣಿಸುವುದನ್ನು ಬಿಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಯಾರೋ ನೆಟ್ಟು ಹೋದ ಗಿಡ ಇರುತ್ತದೆ, ಅದರ ಹತ್ತಿರ ಒಬ್ಬರೇ ಇದ್ದಾಗ ಒಬ್ಬರೇ ಅಲ್ಲ ಅನ್ನಿಸಿದ್ದು ಇರುತ್ತದೆ. ಹೆದರಿದಿರೋ, ಖುಷಿಯಾಯಿತೋ? ನನಗೆ ಎರಡೂ ಆಗಿತ್ತು. ನಿಮಗೆ ಏನಾಯಿತು ಅಂತ ಬರೆದು ತಿಳಿಸಿ. ಕಣ ಯಾವುದು, ಗಿಡ ಯಾವುದು, ಹೊತ್ತು ಎಷ್ಟು, ಒಂದನ್ನೂ ಬಿಡದೆ ಬರೆಯಿರಿ. ಕೂತು ಓದುತ್ತೇನೆ.