ಮೌಸ್ ಮುಟ್ಟದ ಇಪ್ಪತ್ತಾರು ವರ್ಷ

ಆಸ್ಪತ್ರೆಯಲ್ಲಿ ಜನರ ಕಣ್ಣಿಗೆ ಬೀಳುವವರು ವೈದ್ಯರು ಮತ್ತು ದಾದಿಯರು. ಅವರೆಲ್ಲ ನಂಬಿಕೊಂಡು ನಡೆಯುವ ದಾಖಲೆಗಳನ್ನು ನೇರ್ಪಾಗಿಡುವವರು ನೆಲಮಾಳಿಗೆಯಲ್ಲಿ, ಕೊಳವೆ ದೀಪದ ಕೆಳಗೆ ಕೂತಿರುತ್ತಾರೆ. ಅವರ ನೆನಪಾಗುವುದು ಏನಾದರೂ ತಪ್ಪಿದಾಗ ಮಾತ್ರ. ಆ ದಾಖಲೆ ವಿಭಾಗಕ್ಕೆ ಒಂದು ವೇಗವನ್ನೂ, ಆ ವೇಗಕ್ಕೊಂದು ಲಗಾಮನ್ನೂ ಹಾಕಿಕೊಟ್ಟು, ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಗುಮಾಸ್ತೆಯವರು ಇಡೀ ಕಟ್ಟಡಕ್ಕೇ ‘ಅಕ್ಕ’. ಇಲ್ಲಿಯೂ ಅವರನ್ನು ಹಾಗೆಯೇ ಕರೆಯುವುದು ಉಚಿತ.

ಅಕ್ಕ ಸೇರಿದ್ದು ಬೆರಳಚ್ಚುಗಾರ್ತಿಯಾಗಿ. ಎಂಟು ವರ್ಷಗಳ ನಂತರ ವಿಭಾಗಕ್ಕೆ ಕಂಪ್ಯೂಟರುಗಳು ಬಂದಾಗ, ಉಳಿದವರೆಲ್ಲ ಮೌಸ್ ಹಿಡಿದು ಬಾಣದ ಗುರುತನ್ನು ಪರದೆಯ ಮೂಲೆಮೂಲೆಗೆ ಅಟ್ಟಾಡಿಸುತ್ತಿದ್ದರು. ಅಕ್ಕ ಕೈಕಟ್ಟಿ ನೋಡಿ, ಜೋಡಿಸಲು ಬಂದ ತಂತ್ರಜ್ಞನನ್ನು ಕೇಳಿದರು: “ಇದಿಲ್ದೆ ನಡೆಯಲ್ವೇನಪ್ಪಾ?”

“ನಡೆಯುತ್ತೆ ಮೇಡಂ. ಎಲ್ಲಾದಕ್ಕೂ ಕೀಬೋರ್ಡಲ್ಲೇ ದಾರಿ ಇದೆ. ಆದ್ರೆ ಯಾರು ನೆನಪಿಟ್ಕೋತಾರೆ?”

“ನಾನು ಇಟ್ಕೋತೀನಿ. ಬರೆದುಕೊಡು.”

ಆತ ಹಾಳೆಯೊಂದರ ಎರಡೂ ಬದಿಗೆ ಬರೆದುಕೊಟ್ಟ. ಕೀಲಿಗಳಿಂದ ಕೈ ಎತ್ತುವುದೇ ತಪ್ಪು ಎಂದು ಬೆರಳಚ್ಚು ಶಾಲೆಯಲ್ಲಿ ಕಲಿತು ಬಂದವರಿಗೆ ಅದು ಹೊಸ ವಿದ್ಯೆ ಎನಿಸಲಿಲ್ಲ, ಹಳೆಯ ಶಿಸ್ತಿನ ಮುಂದುವರಿಕೆ ಎನಿಸಿತು. ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ. ವಿಂಡೋಸ್ ಕೀಲಿಯೊಡನೆ ಇ ಒತ್ತಿದರೆ ಕಡತಗಳ ಬೀರು ತೆರೆಯುತ್ತದೆ. ಡಿ ಒತ್ತಿದರೆ ಎಲ್ಲವೂ ಸರಿದು ಖಾಲಿ ಮೇಜು. ತಿಂಗಳೊಪ್ಪತ್ತಿನಲ್ಲಿ ಹಾಳೆ ಬೇಡವಾಯಿತು. ಅಂದಿನಿಂದ ಇಂದಿನವರೆಗೆ ಅವರು ಮೌಸ್ ಬಳಸಿದ್ದನ್ನು ಕಂಡವರಿಲ್ಲ.

ಔಷಧ ವಿಭಾಗದ ಹಿರಿಯರೊಬ್ಬರಿಗೆ ಕೈ ನಡುಗುತ್ತಿತ್ತು. ಬಾಣದ ಗುರುತು ನಿಲ್ಲಬೇಕಾದಲ್ಲಿ ನಿಲ್ಲದೆ, ಅವರು ಕಾಲಕ್ಕೆ ಮೊದಲೇ ಕೆಲಸ ಬಿಡುವ ಯೋಚನೆಯಲ್ಲಿದ್ದರು. ಅಕ್ಕ ಎರಡು ವಾರ ಊಟದ ಬಿಡುವಿನಲ್ಲಿ ಮೇಲೆ ಹೋಗಿ ಅವರಿಗೆ ಕಲಿಸಿದ್ದು ಇಷ್ಟೇ: ಟ್ಯಾಬ್ ಒತ್ತಿದರೆ ಮುಂದಿನ ಖಾನೆ, ಶಿಫ್ಟ್ ಹಿಡಿದು ಒತ್ತಿದರೆ ಹಿಂದಿನದು, ಎಂಟರ್ ಎಂದರೆ ಮುಗಿಯಿತು. ಆ ಹಿರಿಯರು ಇನ್ನೂ ಆರು ವರ್ಷ ದುಡಿದು, ಸರಿಯಾದ ವಯಸ್ಸಿಗೇ ನಿವೃತ್ತರಾದರು.

ವಿಭಾಗಕ್ಕೆ ಹೊಸಬರು ಬಂದರೆ ಅವರ ಮೌಸ್ ಎಂಟು ದಿನ ಅಕ್ಕನ ಡ್ರಾಯರಿನಲ್ಲಿರಬೇಕು ಎಂಬುದು ಬರೆಯದ ಕಾನೂನಾಯಿತು. ನಾಲ್ಕನೇ ದಿನಕ್ಕೇ ಅದನ್ನು ವಾಪಸ್ ಕೇಳಿ ‘ಕ್ಲಿಕ್ಕಣ್ಣ’ ಎಂಬ ಅಡ್ಡಹೆಸರು ಪಡೆದವನು ಒಬ್ಬನೇ. ಫೋಟೋ ಸ್ಟುಡಿಯೊ ಮುಚ್ಚಿದ ಮೇಲೆ, ನಲವತ್ತೊಂದರ ವಯಸ್ಸಿನಲ್ಲಿ, ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಮೇಲೆ ಬಂದ ಆತನಿಗೆ ಮದುಮಕ್ಕಳ ಮುಖದ ಕಲೆಗಳನ್ನು ಮೌಸಿನಿಂದ ಒರೆಸಿಯೇ ಅಭ್ಯಾಸ.

“ಒಂದು ಸೇವ್‌ಗೆ ಇಡೀ ಪರದೆ ಸುತ್ತು ಹೊಡೀತೀಯಲ್ಲೋ, ಕಾಲು ನೋಯಲ್ವಾ?” ಎಂದು ಅಕ್ಕ ಛೇಡಿಸುವರು.

“ದಾರಿ ನೋಡ್ಕೊಂಡು ಹೋಗೋನು ನಾನು. ನಿಮ್ಮ ಹಾಗೆ ಹಾರೋಕೆ ಬರಲ್ಲ ಅಕ್ಕಾ,” ಎಂದು ಆತ ನಗುವನು.

ಏಳು ವರ್ಷಗಳ ಹಿಂದಿನ ಒಂದು ಮುಂಜಾನೆ ವಾರ್ಡಿನ ದಾದಿಯೊಬ್ಬರು, ಶಸ್ತ್ರಚಿಕಿತ್ಸೆಗೆ ಸಿದ್ಧಳಾಗಿದ್ದ ರೋಗಿಯ ಪರ್ಸಿನಲ್ಲಿದ್ದ ಹಳೆಯ ಕಾರ್ಡಿಗೂ ಕಂಪ್ಯೂಟರಿನ ದಾಖಲೆಗೂ ರಕ್ತದ ಗುಂಪು ತಾಳೆಯಾಗುವುದಿಲ್ಲವೆಂದು ಗಮನಿಸಿದರು. ರಕ್ತ ಕೊಡುವ ಮುನ್ನ ಹೇಗೂ ಮತ್ತೆ ಪರೀಕ್ಷೆ ಮಾಡುತ್ತಾರೆ, ಆದ್ದರಿಂದ ಜೀವಕ್ಕೇನೂ ಆಗಲಿಲ್ಲ. ಶಸ್ತ್ರಚಿಕಿತ್ಸೆ ಮಾತ್ರ ಒಂದು ದಿನ ತಡವಾಯಿತು. ತಪ್ಪು ನಮೂದು ಯಾರದೆಂದು ಹುಡುಕಿದಾಗ ಸಿಕ್ಕಿದ್ದು ಕ್ಲಿಕ್ಕಣ್ಣನ ಲಾಗಿನ್. ಆತನ ಗುತ್ತಿಗೆಯ ನವೀಕರಣದ ಕಾಗದ ಅದೇ ವಾರ ಅಧೀಕ್ಷಕರ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಅಂದು ಸಂಜೆ ಮನೆಗೆ ಹೋದ ಕ್ಲಿಕ್ಕಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಹೊಸಿಲ ಬಳಿ ನಿಂತ. ಇಬ್ಬರು ಮಕ್ಕಳು ಓದುತ್ತಿದ್ದರು. ಹೆಂಡತಿ ಎಲ್ಲ ಕೇಳಿ, “ನಾನು ಮಾಡಿಲ್ಲ ಅಂತ ಗಟ್ಟಿಯಾಗಿ ಹೇಳ್ರೀ,” ಎಂದಳು.

“ಮಾಡಿಲ್ಲ ಅಂತ ನನಗೇ ಗೊತ್ತಿಲ್ವಲ್ಲೇ,” ಎಂದ ಆತ. ದಿನಕ್ಕೆ ಇನ್ನೂರು ನಮೂದು ಮಾಡುವವನಿಗೆ ಒಂದರ ನೆನಪು ಎಲ್ಲಿಂದ ಬರಬೇಕು?

ಮರುದಿನ ಅಕ್ಕ ಆ ನಮೂದಿನ ಸಮಯ ನೋಡಿದರು. ಹನ್ನೊಂದು ಗಂಟೆ ಹತ್ತು ನಿಮಿಷ. ಒಬ್ಬರು ಚಹಾಕ್ಕೆ ಎದ್ದರೆ ಪಕ್ಕದವರು ಅವರ ಕುರ್ಚಿಗೆ ಸರಿದು, ಅವರ ರಾಶಿಯನ್ನು ಮುಂದುವರಿಸುವುದು ಆಗ ವಿಭಾಗದ ರೂಢಿ. ಯಾರ ಲಾಗಿನ್ ಎಂದು ಯಾರೂ ಯೋಚಿಸುತ್ತಿರಲಿಲ್ಲ. ಅದು ಕ್ಲಿಕ್ಕಣ್ಣ ದಿನವೂ ಚಹಾಕ್ಕೆ ಹೋಗುವ ಹೊತ್ತು. ಪಕ್ಕದ ಮೇಜಿನಿಂದ ಸರಿದು ಆತನ ಕುರ್ಚಿಯಲ್ಲಿ ಕೂತಿದ್ದವರು ಅಕ್ಕ.

ಅವರು ನೇರವಾಗಿ ಅಧೀಕ್ಷಕರ ಕೋಣೆಗೆ ಹೋಗಿ ಹೇಳಿದರು. ಅಧೀಕ್ಷಕರು ನಂಬಲಿಲ್ಲ.

“ಅಕ್ಕಾ, ನಿಮ್ಮ ಒಳ್ಳೇತನ ನನಗೆ ಗೊತ್ತಿಲ್ವಾ? ಅವನ ಮೇಲಿನ ಕನಿಕರಕ್ಕೆ ತಪ್ಪನ್ನ ತಲೆ ಮೇಲೆ ಹಾಕ್ಕೋಬೇಡಿ. ಇಷ್ಟು ವರ್ಷದಲ್ಲಿ ನಿಮ್ಮದೊಂದು ತಪ್ಪು ತೋರಿಸಿ ನೋಡೋಣ.”

“ತೋರಿಸೋಕೇ ಬಂದಿದ್ದೀನಿ ಸರ್. ಅವನನ್ನೂ ಕರೆಸಿ.”

ಅಭ್ಯಾಸಕ್ಕೆಂದು ಇಟ್ಟಿದ್ದ ಸುಳ್ಳು ಹೆಸರಿನ ದಾಖಲೆಗಳನ್ನು ತೆರೆದು ಮೊದಲು ಕ್ಲಿಕ್ಕಣ್ಣನನ್ನು ಕೂರಿಸಿದರು. ಆತ ಬೆವರುತ್ತಾ, ಪರದೆಯ ತಳದ ಪಟ್ಟಿಯಲ್ಲಿ ರೋಗಿಯ ಹೆಸರು ಓದಿ, ಅದರ ಮೇಲೆ ಕ್ಲಿಕ್ ಮಾಡಿ, ಸರಿಯಾದ ಕಿಟಕಿಗೇ ಹೋಗಿ ತುಂಬಿದ. ನಾಲ್ಕು ಸಲವೂ ಹಾಗೆಯೇ.

ಆಮೇಲೆ ಅಕ್ಕ ಕೂತರು. ಪ್ರಯೋಗಾಲಯದ ವರದಿ ಒಂದು ಕಿಟಕಿಯಲ್ಲಿ, ರೋಗಿಯ ದಾಖಲೆ ಇನ್ನೊಂದರಲ್ಲಿ. ವರದಿಯಿಂದ ನಕಲಿಸುವುದು, ಆಲ್ಟ್ ಟ್ಯಾಬ್, ದಾಖಲೆಯಲ್ಲಿ ಅಂಟಿಸುವುದು, ಉಳಿಸುವುದು, ಮತ್ತೆ ಆಲ್ಟ್ ಟ್ಯಾಬ್. ಕಣ್ಣು ಪಕ್ಕದ ಕಡತದ ಮೇಲೆ.

“ಈಗ ವಾರ್ಡಿಂದ ಫೋನ್ ಬಂತು ಅಂದ್ಕೊಳ್ಳಿ,” ಎಂದು ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮೂರನೆಯ ರೋಗಿಯ ದಾಖಲೆ ತೆರೆದರು. “ಬೇರೆ ಯಾರದೋ ವಿವರ ಕೇಳಿದ್ರು, ಹೇಳಿದೆ. ಆ ಕಿಟಕಿ ಮುಚ್ಚೋಕೆ ಮರೆತೆ.” ಆಲ್ಟ್ ಟ್ಯಾಬ್ ಒತ್ತಿದರು, ವರದಿ ಬಂತು, ನಕಲಿಸಿದರು. ಮತ್ತೆ ಆಲ್ಟ್ ಟ್ಯಾಬ್, ಅಂಟಿಸು, ಉಳಿಸು. “ಈಗ ಓದಿ ಸರ್, ಯಾರ ಹೆಸರಿದೆ.”

ಮೂರನೆಯವರ ಹೆಸರಿತ್ತು. ಆ ಕೀಲಿಗಳು ಕರೆದೊಯ್ಯುವುದು ನಮಗೆ ಬೇಕಾದ ಕಿಟಕಿಗಲ್ಲ, ಸ್ವಲ್ಪ ಮೊದಲು ಬಿಟ್ಟುಬಂದ ಕಿಟಕಿಗೆ.

“ಇದು ಇವನ ಕೈಯಲ್ಲಿ ಆಗೋ ತಪ್ಪಲ್ಲ ಸರ್. ಇವನು ಪ್ರತಿ ಸಲ ಹೆಸರು ಓದಿಯೇ ಹೋಗೋದು. ಓದೋದನ್ನ ಬಿಟ್ಟಿದ್ದು ನಾನು.”

ಅಧೀಕ್ಷಕರು ಖಾಲಿ ಹಾಳೆಯೊಂದನ್ನು ಅಕ್ಕನ ಮುಂದೆ ಸರಿಸಿದರು. “ಬರೆದುಕೊಡಬೇಕಾಗುತ್ತೆ. ಈ ಸಲದ ಬಡ್ತಿ ಪಟ್ಟೀಲಿ ನಿಮ್ಮ ಹೆಸರಿದೆ ಅನ್ನೋದು ನೆನಪಿದೆ ತಾನೇ?”

“ಪೆನ್ ಕೊಡಿ ಸರ್.”

ಅವರ ಹೇಳಿಕೆಯೂ ಅದರ ಕೆಳಗೊಂದು ಎಚ್ಚರಿಕೆಯ ಟಿಪ್ಪಣಿಯೂ ಸೇವಾ ಕಡತ ಸೇರಿದವು. ಬಡ್ತಿ ಬೇರೆಯವರಿಗೆ ಹೋಯಿತು. ಮುಂದೆ ಅದು ಅಕ್ಕನ ಕಡೆ ತಿರುಗಿ ಬರಲೂ ಇಲ್ಲ. ಕ್ಲಿಕ್ಕಣ್ಣನ ಗುತ್ತಿಗೆಗೆ ಸಹಿ ಬಿತ್ತು, ಮೂರು ವರ್ಷಗಳ ನಂತರ ಕೆಲಸ ಕಾಯಂ ಆಯಿತು.

ಆ ವಾರವೇ ಆತ ತನ್ನ ಮೌಸ್ ತಂದು ಅಕ್ಕನ ಮೇಜಿನ ಮೇಲಿಟ್ಟ. “ನನಗೂ ಕಲಿಸಿ ಅಕ್ಕಾ.”

“ಏನು, ತಪ್ಪು ಮಾಡೋದಾ?”

“ಅದು ಮೊದ್ಲಿಂದ್ಲೇ ಬರುತ್ತೆ. ಬೇಗ ಬೇಗ ಮಾಡೋದು ಕಲಿಸಿ.”

ಕಲಿಸಿದರು, ಆದರೆ ಎರಡು ಹೊಸ ಕಾನೂನುಗಳೊಡನೆ. ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ ಕೀಲಿಯೊಡನೆ ಎಲ್ ಒತ್ತಿ ಬೀಗ ಹಾಕಬೇಕು. ಉಳಿಸುವ ಮುನ್ನ ಕಣ್ಣೆತ್ತಿ, ಪರದೆಯ ಮೇಲಿನ ಹೆಸರನ್ನು ತುಟಿ ಅಲುಗುವಂತೆ ಓದಬೇಕು. ಇಂದು ನೆಲಮಾಳಿಗೆಗೆ ಇಳಿದವರಿಗೆ ಹನ್ನೆರಡು ಜನ ಪಿಸುಪಿಸು ಅನ್ನುವುದು ಕೇಳಿಸುತ್ತದೆ. ಚಾಡಿ ಹೇಳುತ್ತಿದ್ದಾರೆಂದು ಹೊರಗಿನವರು ಅಂದುಕೊಳ್ಳುತ್ತಾರೆ. ಒಳಗಿನವರು ರೋಗಿಗಳ ಹೆಸರು ಓದುತ್ತಿರುತ್ತಾರೆ. ಏಳು ವರ್ಷಗಳಲ್ಲಿ ಒಬ್ಬರ ವಿವರ ಇನ್ನೊಬ್ಬರಿಗೆ ಸೇರಿದ್ದಿಲ್ಲ.

ಕಳೆದ ತಿಂಗಳು ನಿವೃತ್ತಿಯ ಕಾಗದಪತ್ರ ಸಿದ್ಧಪಡಿಸುವಾಗ ಈಗಿನ ಅಧೀಕ್ಷಕರು, ಹಳೆಯ ಎಚ್ಚರಿಕೆಯ ಹಾಳೆಗಳನ್ನು ಕಡತದಿಂದ ತೆಗೆಯಲು ನಿಯಮದಲ್ಲಿ ಅವಕಾಶವಿದೆಯೆಂದು ತಿಳಿಸಿದರು. ಕಡತ ಹಿಡಿದು ನಿಂತಿದ್ದವನು ಕ್ಲಿಕ್ಕಣ್ಣ. “ತೆಗೆಸಿಬಿಡಿ ಅಕ್ಕಾ, ಚೊಕ್ಕವಾಗಿ ಹೋಗಿ,” ಎಂದು ಗೋಗರೆದ.

“ಕಂಪ್ಯೂಟರಲ್ಲಿ ಇವತ್ತಿಗೂ ಆ ತಪ್ಪು ನಿನ್ನ ಹೆಸರಲ್ಲೇ ಇದೆ ಕಣೋ. ಅಲ್ಲ ಅಂತ ಹೇಳೋದು ಇದೊಂದೇ ಹಾಳೆ. ಇರಲಿ ಬಿಡು,” ಎಂದು ಅಕ್ಕ ಸಹಿ ಮಾಡಿ ಎದ್ದರು.

ಬರುವ ತಿಂಗಳಿಂದ ಅವರು ದೃಷ್ಟಿಹೀನರ ತರಬೇತಿ ಕೇಂದ್ರದಲ್ಲಿ ವಾರಕ್ಕೆ ಮೂರು ದಿನ ಕಂಪ್ಯೂಟರ್ ಕಲಿಸಲಿದ್ದಾರೆ. ಅಲ್ಲಿ ಯಾರ ಮೌಸನ್ನೂ ಕಿತ್ತಿಡುವ ಪ್ರಮೇಯವಿಲ್ಲ. ಅವರ ಬೆರಳುಗಳು ನೂರು ತುಂಬುವವರೆಗೂ ಚುರುಕಾಗಿರಲಿ, ಆರೋಗ್ಯ ಅವರ ಹಿಂದೆ ಮುಂದೆ ಇರಲಿ, ಕಲಿಯುವವರಿಗೆ ಬರವಿಲ್ಲದಿರಲಿ ಎಂದು ವಿಭಾಗದ ಹನ್ನೆರಡೂ ಜನ ಹಾರೈಸುತ್ತಾರೆ. ಕೆಳಗೆ ಎಲ್ಲರ ಸಹಿಯಿದೆ, ಮೊದಲನೆಯದು ಕ್ಲಿಕ್ಕಣ್ಣನದು.