ಎರಡನೆಯ ದನಿ, ಜೆಕ್ ಬೂಟು

ಸ್ಲಾವಿಕ್‌ಗೆ ಕೆಲಸ ಸಿಕ್ಕಿದ್ದು ತಲೆಯಿಂದಲೋ, ಭಾರದ ಸಿಲಿಂಡರ್ ಹೊರುವ ಹೆಗಲಿನಿಂದಲೋ ಎಂಬುದು ಅವನಿಗೇ ಇತ್ಯರ್ಥವಾಗಿರಲಿಲ್ಲ. ಖಾರ್ಕಿವ್‌ನ ಆ ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ ಎರಡು ಬಗೆಯ ಹೀಲಿಯಂ ಬೆರೆಸಿ, ಇನ್ನು ತಣಿಯಲು ಜಾಗವೇ ಇಲ್ಲವೆನ್ನುವಷ್ಟು ತಣಿಸುತ್ತಿದ್ದರು. ಆ ದ್ರವಕ್ಕೆ ಚೂರು ಬಿಸಿ ತಾಕಿಸಿದರೆ ಅದು ಸದ್ದಿನ ಹಾಗೆ ಅಲೆಯಾಗಿ ಓಡುತ್ತದೆ. ಅದಕ್ಕೆ ‘ಎರಡನೆಯ ದನಿ’ ಎಂದು ಹೆಸರು. ತಣಿದಷ್ಟೂ ಆ ದನಿ ಕ್ಷೀಣ. ಹೆಜ್ಜೆಯ ಕಂಪನಕ್ಕೂ ದ್ರವ ಬೆಚ್ಚಗಾಗಿಬಿಡುತ್ತದೆ. ಹಾಗಾಗಿ ಅಳತೆಯ ಹೊತ್ತಿನಲ್ಲಿ ಬಾಗಿಲಲ್ಲೇ ಬೂಟು ಕಳಚಿ ಉಣ್ಣೆಯ ಚಪ್ಪಲಿ ಮೆಟ್ಟಬೇಕು. ಮಡಿಗಿಂತ ಬಿಗಿಯಾದ ನೇಮ.

ಮುಖ್ಯಸ್ಥೆ ಲಿದಿಯಾ ಸಾವೆಲ್ಯೆವ್ನಾ ತಾವು ಲೆಕ್ಕ ಹಾಕಿದ್ದ ತಣ್ಣನೆಯ ತುದಿಯಲ್ಲಿ ಆ ದನಿಯನ್ನು ಒಮ್ಮೆ ಪರದೆಯ ಮೇಲೆ ಕಾಣಬೇಕೆಂದು ವರ್ಷಗಟ್ಟಲೆ ಕಾದಿದ್ದರು. ಆ ವಾರ ಅವರ ನಿವೃತ್ತಿ. ಎರಡರಲ್ಲಿ ಅಪರೂಪದ ಹೀಲಿಯಂ ಬೇರೆ ಊರಿನಿಂದ ಎರವಲು ತಂದದ್ದು, ಅಳತೆಯ ದಿನವೇ ಸಂಜೆಗೆ ಹಿಂದಿರುಗಿಸಬೇಕಿತ್ತು.

ಅಂದೇ ಸ್ಲಾವಿಕ್‌ಗೆ, ಅಂಗಡಿಯ ಮುಂದೆ ಸಾಲು ನಿಂತು ನಿಂತು, ಎಲ್ಲರಿಗೂ ಸಿಗದ ಪರದೇಶದ ಜೆಕ್ ಬೂಟು ದಕ್ಕಿತ್ತು. ಹೊರಗೆ ಬಿಟ್ಟರೆ ಯಾರಾದರೂ ಹಾರಿಸಿಯಾರು ಎಂಬ ಭಯ. ಮೀಟರಿನ ಮುಂದೆ ಕೂರುವ ಓಕ್ಸಾನಾ ನೋಡಲಿ ಎಂಬ ಆಸೆ. ಆಸೆಯ ತೂಕವೇ ಹೆಚ್ಚು. ತುದಿಗಾಲಲ್ಲಿ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಬೂಟು ಕಳಚದೆಯೇ ಒಳನಡೆದ.

ಹೀಲಿಯಂಗೆ ಗೊತ್ತಾಯಿತು. ಪರದೆಯಲ್ಲಿ ಆಗಷ್ಟೇ ತಲೆಯೆತ್ತುತ್ತಿದ್ದ ಆ ದನಿಯ ಸಣ್ಣ ಉಬ್ಬು ಕರಗಿ, ಗೆರೆ ಸಪಾಟಾಯಿತು. ಮತ್ತೆ ತಣಿಸಲು ಇಡೀ ದಿನ ಬೇಕು. ಆ ದಿನ ಅವರ ಬಳಿ ಇರಲಿಲ್ಲ. ಓಕ್ಸಾನಾ ಗೆರೆಯನ್ನೇ ನೋಡುತ್ತಿದ್ದಳು, ಬೂಟಿನತ್ತ ಕಣ್ಣೂ ಹಾಯಿಸಲಿಲ್ಲ. ನೋಡಿದವರು ಲಿದಿಯಾ ಸಾವೆಲ್ಯೆವ್ನಾ ಒಬ್ಬರೇ.

“ಚೆನ್ನಾಗಿದೆ ಕಣೋ ಬೂಟು,” ಎಂದರು. “ಅಟ್ಟೆ ಗಟ್ಟಿ ಇದೆ.”

ಬೈದಿದ್ದರೆ ಅವನು ಅಂದೇ ಮರೆತಿರುತ್ತಿದ್ದ.

ಮುಂದಿನ ಚಳಿಗಾಲಕ್ಕೆ ಹೀಲಿಯಂ ಮತ್ತೆ ಬಂತು. ಸ್ಲಾವಿಕ್ ಚಪ್ಪಲಿಯನ್ನೂ ನಂಬದೆ ಬರೀ ಕಾಲುಚೀಲದಲ್ಲಿ ಕೂತ. ಉಬ್ಬು ಮೂಡಿತು. ನಿವೃತ್ತಿಯ ನಂತರ ಪೊಲ್ತಾವಾ ಊರಿನಲ್ಲಿ ತಂಗಿಯ ಮನೆ ಸೇರಿದ್ದ ಲಿದಿಯಾ ಸಾವೆಲ್ಯೆವ್ನಾಗೆ ಫೋನು ಮಾಡಿದ.

“ಕಾಣಿಸ್ತು, ಲಿದಿಯಾ ಸಾವೆಲ್ಯೆವ್ನಾ. ನೀವು ಹೇಳಿದ್ ಜಾಗದಲ್ಲೇ.”

ಅತ್ತ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಹೇಗಿತ್ತೋ?”

ಅವರು ಅಷ್ಟು ವರ್ಷ ಕಾದದ್ದನ್ನು ಫೋನಿನಲ್ಲಿ ಹೇಗೆ ತೋರಿಸುವುದು? “ಚಿಕ್ಕದಿತ್ತು,” ಎಂದ.

“ಚಿಕ್ಕದೇ ಇರತ್ತೆ,” ಎಂದರು. ಆಮೇಲೆ ಅಲ್ಲಿ ಚಳಿ ಹೇಗಿದೆ ಎಂದು ಕೇಳಿದರು.

ಬೂಟನ್ನು ಅವನು ಮತ್ತೆ ಮೆಟ್ಟಲಿಲ್ಲ. ಲಿದಿಯಾ ಸಾವೆಲ್ಯೆವ್ನಾ ಹೇಳಿದ್ದು ನಿಜ, ಅಟ್ಟೆ ಗಟ್ಟಿ. ಇನ್ನೂ ಒಂದಿಷ್ಟೂ ಸವೆದಿಲ್ಲ.